ಗುರುಬಾಯಿಯ ಬೆಕ್ಕಿಗೆ ಮೀನು

ಎದುರುಮನೆ ಗುರುಬಾಯಿಯ ಬೆಕ್ಕಿಗೆ ಹೊಟ್ಟೆಗೆ ಸರಿಯಾಗಿ ಬೀಳುತ್ತಿಲ್ಲ ಎಂದು ಸೇವಂತಿ ತೀರ್ಮಾನ ಮಾಡಿಯಾಗಿತ್ತು. ಸೇವಂತಿಯ ತೀರ್ಮಾನ ಅಂದರೆ ಮುಗಿಯಿತು, ಅದರ ಮೇಲೆ ಅಪೀಲು ಗಿಪೀಲು ಇಲ್ಲ. ಸಾಕ್ಷಿ ಬೇಕಾದವರಿಗೆ ಸಾಕ್ಷಿಯೂ ಇತ್ತು. ಬೆಕ್ಕಿನ ಪಕ್ಕೆಲುಬು ಎಣಿಸಬಹುದಿತ್ತು, ಕೂದಲು ಹಳೆಯ ಪಾತ್ರೆ ತಿಕ್ಕುವ ನಾರಿನ ಹಾಗೆ ಒರಟಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ದಿನಾ ಬೆಳಗಾದರೆ ಅದರ ಕೂಗು. ಕೂಗೆಂದರೆ ಅಂಥಿಂಥ ಕೂಗಲ್ಲ, ಏಳನೇ ಮಾಳಿಗೆಯ ಉದ್ದನೆಯ ಕಾರಿಡಾರಿನಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ ಗೋಡೆಗೆ ಬಡಿದು ವಾಪಸು ಬರುವಂಥದ್ದು. ಹೊಟ್ಟೆ ತುಂಬಿದ ಪ್ರಾಣಿ ಹಾಗೆ ಕೂಗುತ್ತದೆಯೆ?

ಜೋಗೇಶ್ವರಿಯ ಆ ಬಿಲ್ಡಿಂಗು ಎದ್ದದ್ದು ಸಾಲುಮನೆಗಳ ಹಳೆಯ ಚಾಳನ್ನು ಕೆಡವಿದ ಜಾಗದಲ್ಲಿ. ಚಾಳಿನಲ್ಲಿ ಇದ್ದವರಿಗೇ ಚೀಟಿ ಎತ್ತಿ ಮನೆ ಕೊಟ್ಟರು. ಸೇವಂತಿಗೂ ಗುರುಬಾಯಿಗೂ ಎದುರುಬದುರು ಬಾಗಿಲು ಬಂತು. ಚಾಳಿನಲ್ಲಿದ್ದಾಗ ಬಾಗಿಲು ಹಾಕಿಕೊಂಡರೆ ಆ ಮನೆಯಲ್ಲಿ ಏನೋ ಜಗಳ ಅಂತ ಅರ್ಥ. ಇಲ್ಲಿ ಎಲ್ಲರೂ ಬಾಗಿಲು ಹಾಕಿಯೇ ಇರುತ್ತಾರೆ, ಯಾರ ಮನೆಯಲ್ಲಿ ಏನು ನಡೆದರೂ ತಿಳಿಯುವುದಿಲ್ಲ. ಸೇವಂತಿಗೆ ಇದು ಈಗಲೂ ಒಗ್ಗಿಲ್ಲ. ಅವಳು ಕಾಪು ಕಡೆಯ ಸಮುದ್ರದ ದಂಡೆಯಲ್ಲಿ ಹುಟ್ಟಿದವಳು, ಬಾಗಿಲು ಅವಳ ಪಾಲಿಗೆ ಮಳೆ ಬಂದಾಗ ಹಾಕುವ ವಸ್ತು.

ಗುರುಬಾಯಿ ವಿಜಾಪುರದ ಇಂಡಿ ತಾಲೂಕಿನವಳು. ಗಂಡ ಗುರಲಿಂಗಪ್ಪ ಇಲ್ಲೇ ಗಾರೆ ಕೆಲಸ ಮಾಡಿ ಮಾಡಿ, ಹೊಸ ಮನೆಯ ಬೀಗದ ಕೈ ಕೈಗೆ ಬರುವ ಮೊದಲೇ ತೀರಿಕೊಂಡ. ಮಗ ಶರಣು ಕಟ್ಟಡದ ಸೈಟುಗಳಲ್ಲಿ ಸೂಪರ್‌ವೈಜರು, ಪನ್ವೇಲಿನ ಆಚೆ ಎಲ್ಲೋ ಸೈಟಿನಲ್ಲೇ ಮಲಗುತ್ತಾನೆ, ವಾರಕ್ಕೊಮ್ಮೆ ಬಂದರೆ ಬಂದ. ಒಮ್ಮೆ ಬರುವಾಗ ತಲೆಗೆ ಹಾಕುವ ಹಳದಿ ಹೆಲ್ಮೆಟ್ಟಿನೊಳಗೆ ಒಂದು ಬೂದಿಬಣ್ಣದ ಬೆಕ್ಕಿನ ಮರಿ ಇಟ್ಟುಕೊಂಡು ಬಂದಿದ್ದ. ಗುರುಬಾಯಿ ಅದಕ್ಕೆ ಕಾಶಿ ಎಂದು ಹೆಸರಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಮಾತು ಕೇಳಿಸತೊಡಗಿತು. ಮುದುಕಿ ಬೆಕ್ಕಿಗೆ ಬೈಯುತ್ತಿದ್ದಳು, ಬೆಕ್ಕು ಉತ್ತರ ಕೊಡುತ್ತಿತ್ತು.

ಕಾಶಿಯ ಊಟ ಏನು ಅಂತ ಸೇವಂತಿ ತನ್ನ ಕಣ್ಣಾರೆ ನೋಡಿದ್ದಳು. ಬೆಳಿಗ್ಗೆ ಗುರುಬಾಯಿ ಸ್ನಾನ ಮಾಡಿ, ಕೊರಳಲ್ಲಿದ್ದ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮುಗಿಸಿ, ವಿಭೂತಿಯ ಹಣೆಯಲ್ಲೇ ಹೊರಗೆ ಬಂದು ರಂಗೋಲಿ ಎಳೆದು, ಆಮೇಲೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಇಡುವಳು. ಮಧ್ಯಾಹ್ನ ಮೊಸರನ್ನ. ರಾತ್ರಿ ಮತ್ತೆ ರೊಟ್ಟಿ.

“ಎಂತ ಗುರುಬಾಯಕ್ಕ, ಅದಕ್ಕೆ ಬರೀ ರೊಟ್ಟಿಯಾ? ಬೆಕ್ಕಲ್ವಾ ಅದು?” ಎಂದು ಸೇವಂತಿ ಒಂದು ದಿನ ಕೇಳಿಯೇಬಿಟ್ಟಳು.

“ಬೆಕ್ಕ ಹೌದ ತಂಗಿ,” ಎಂದಳು ಗುರುಬಾಯಿ. “ಆದ್ರ ನಮ್ಮನಿ ಬೆಕ್ಕ. ನಾವು ಉಂಡಿದ್ದ ಅದು ಉಣ್ತದ.”

“ಎಲುಬು ಕಾಣ್ತಾ ಉಂಟು ಮಾರಾಯ್ರೆ. ದಿನಾ ಬೆಳಿಗ್ಗೆ ಹೇಗೆ ಕೂಗ್ತದೆ ನೋಡಿ.”

ಗುರುಬಾಯಿ ನಕ್ಕಳು. ಅವಳಿಗೆ ಮುಂದಿನ ಹಲ್ಲು ಎರಡು ಇರಲಿಲ್ಲ, ನಕ್ಕರೆ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು. “ಅದು ಹಸದು ಒದರ್ತದ, ಖರೆ. ಆದ್ರ ಅದರಿಂದನ ನಾ ಏಳೂದು. ಬಿಪಿ ಗುಳಗಿ ನುಂಗಿದ್ರ ಹೊತ್ತೇರಿದ್ರೂ ಕಣ್ಣ ಬಿಡಾಕ ಆಗಂಗಿಲ್ಲ. ಇದು ಬಂದು ಎದಿ ಮ್ಯಾಲ ಕುಂತು ಒದರ್ತದ, ಆವಾಗ ಏಳ್ತೀನಿ.”

ಹಿಂದೆ ಒಮ್ಮೆ ಅವಳು ಬಚ್ಚಲಲ್ಲಿ ತಲೆ ತಿರುಗಿ ಕುಸಿದಿದ್ದಳು. ಅಂದಿನಿಂದ ಶರಣುವಿಗೆ ಹೆದರಿಕೆ. ಅವನು ಮನೆಯ ಇನ್ನೊಂದು ಬೀಗದ ಕೈಯನ್ನು ಸೇವಂತಿಯ ಹತ್ತಿರ ಕೊಟ್ಟಿದ್ದ. ಕೊಟ್ಟ ದಿನ ಗುರುಬಾಯಿ ಪಕ್ಕದಲ್ಲೇ ನಿಂತಿದ್ದಳು. “ಕಾಶಿ ಒದರೂದು ನಿಂದ್ರಲಿಲ್ಲಂದ್ರ ತಿಳ್ಕೋ ತಂಗಿ, ನಾ ಇನ್ನೂ ಎದ್ದಿಲ್ಲಂತ. ಕೀಲಿ ತಗದು ಬಂದು ನೋಡು,” ಎಂದು ಹೇಳಿದ್ದಳು. ಸೇವಂತಿ “ಆಯ್ತು ಅಕ್ಕ” ಎಂದು ಆ ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ, ಮೀನು ಕಾಯಿಸುವ ಸಟ್ಟುಗದ ಪಕ್ಕಕ್ಕೆ ತೂಗುಹಾಕಿದ್ದಳು.

ಗುರುಬಾಯಿಯ ಎರಡೂ ಮಾತು ಕೇಳಿಸಿಕೊಂಡಿದ್ದಳು, ಆದರೆ ಅವಳ ತಲೆಯಲ್ಲಿ ಉಳಿದದ್ದು ‘ಹಸದು ಒದರ್ತದ, ಖರೆ’ ಎಂಬುದೊಂದೇ. ಮುದುಕಿ ತಾನಾಗಿ ಒಪ್ಪಿಕೊಂಡಳಲ್ಲ!

ಮೊದಲ ಬಂಗುಡೆ ಮೀನಿನ ತಲೆ ಕಾಶಿಯ ಬಾಯಿಗೆ ಬಿದ್ದದ್ದು ಆ ವಾರವೇ. ಸೇವಂತಿ ಬಾಗಿಲನ್ನು ಅರ್ಧ ತೆರೆದು, ಪೇಪರಿನ ತುಂಡಿನಲ್ಲಿ ಇಟ್ಟು, “ಬಾ ಬಾ” ಎಂದಳು. ಬೆಕ್ಕು ಮೂಸಿ ನೋಡಿತು. ಹುಟ್ಟಿದಾಗಿನಿಂದ ರೊಟ್ಟಿ ತಿಂದ ಬೆಕ್ಕು, ಆದರೂ ಅದಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕಟಕಟ ಎಂದು ಎಲುಬು ಸಹಿತ ತಿಂದು, ಪೇಪರನ್ನೂ ನೆಕ್ಕಿ, ಮುಖ ಎತ್ತಿ ನೋಡಿತು. ಸೇವಂತಿಗೆ ಕಣ್ಣು ತುಂಬಿ ಬಂತು. ಪಾಪದ ಪ್ರಾಣಿಯನ್ನು ದೇವರ ಹೆಸರಲ್ಲಿ ಉಪವಾಸ ಕೆಡವಿದ್ದಾರೆ ಅಂತ ಅನ್ನಿಸಿತು.

ಗಂಡ ದೂಜ ಅಂಧೇರಿಯ ಒಂದು ಉಡುಪಿ ಹೋಟೆಲಿನ ಕೌಂಟರಿನಲ್ಲಿ ಕೂರುವವನು. ಬೆಳಕು ಹರಿಯುವ ಮೊದಲು ಹೋದರೆ ಊಟದ ಹೊತ್ತು ಮೀರಿ ಬರುತ್ತಾನೆ. ದಿನವಿಡೀ ಇಡ್ಲಿ ಸಾಂಬಾರಿನ ವಾಸನೆಯಲ್ಲಿ ಕೂತವನಿಗೆ ಮನೆಯಲ್ಲಿ ಮೀನು ಇಲ್ಲದಿದ್ದರೆ ಆಗುವುದಿಲ್ಲ. ಬಟ್ಟಲಲ್ಲಿ ಬಂಗುಡೆಯ ತಲೆಗಳು ಕಾಣೆಯಾದದ್ದು ಅವನಿಗೆ ಬೇಗ ಗೊತ್ತಾಯಿತು.

“ತಲೆ ಎಲ್ಲಿ ಮಾರಾಯ್ತಿ?”

“ಬೆಕ್ಕಿಗೆ.”

“ಯಾರ ಬೆಕ್ಕಿಗೆ?”

ಸೇವಂತಿ ಎದುರಿನ ಬಾಗಿಲಿನ ಕಡೆ ಗದ್ದ ತಿರುಗಿಸಿದಳು. ದೂಜ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೇ ಹಾಕಿದ. “ನಿನಗೆ ಬುದ್ಧಿ ಉಂಟಾ? ಅವರು ಲಿಂಗ ಕಟ್ಟಿದವರು. ಅವರ ಮನೆಯ ಪ್ರಾಣಿಗೆ ಮೀನು ಹಾಕುವುದಾ? ನಾಳೆ ಅದು ಅವರ ದೇವರಕೋಣೆಗೆ ಹೋಗಿ ಕೂತರೆ?”

“ಬೆಕ್ಕಿಗೆ ಯಾವ ಜಾತಿ?” ಎಂದಳು ಸೇವಂತಿ. ದೂಜ ಬಟ್ಟಲಿನ ತುತ್ತನ್ನು ಮತ್ತೆ ಎತ್ತಿಕೊಂಡ, ಅವಳ ಮುಂದೆ ವಾದ ನಡೆಯುತ್ತಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಸೇವಂತಿಯ ಎಣಿಕೆ ತಪ್ಪಿರಲಿಲ್ಲ. ಕಾಶಿ ಮೈ ತುಂಬಿಕೊಂಡಿತು. ಕೂದಲಿಗೆ ಎಣ್ಣೆ ಸವರಿದ ಹೊಳಪು ಬಂತು. ಬೆಳಗಿನ ಕೂಗು ಮೊದಲು ಸಣ್ಣದಾಯಿತು, ಆಮೇಲೆ ನಿಂತೇಹೋಯಿತು. ಕಾರಿಡಾರು ತಣ್ಣಗಾಯಿತು. ಸೇವಂತಿ ಬೆಳಿಗ್ಗೆ ಚಹಾ ಕುಡಿಯುತ್ತ ಆ ನಿಶ್ಶಬ್ದವನ್ನು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದಳು. ಇಡೀ ಬಿಲ್ಡಿಂಗಿನಲ್ಲಿ ಒಂದು ಜೀವಕ್ಕಾದರೂ ತನ್ನಿಂದ ಉಪಕಾರವಾಯಿತು ಎಂಬ ಹಿಗ್ಗು.

ಗುರುಬಾಯಿಗೆ ಮಾತ್ರ ಇದು ಅರ್ಥವಾಗಲಿಲ್ಲ. “ಈಗೀಗ ಕಾಶಿ ಒದರೂದ ಬಿಟ್ಟಾಳ. ಮುಂಜಾನೆ ನನ್ನ ಎಬ್ಬಸವ್ರ ಇಲ್ಲದಂಗ ಆಗೇದ ತಂಗಿ,” ಎಂದು ಒಮ್ಮೆ ಬಟ್ಟೆ ಒಣಗಿಸುವಾಗ ಹೇಳಿದಳು. “ಹಾಲ ಇಟ್ರೂ ಮೂಸಿ ನೋಡಿ ಹೋಗ್ತಾಳ. ಜಡ್ಡ ಆಗೇದೇನೊ.”

“ಜಡ್ಡೂ ಇಲ್ಲ ಎಂತದೂ ಇಲ್ಲ. ದಪ್ಪ ಆಗಿದೆಯಲ್ಲ,” ಎಂದಳು ಸೇವಂತಿ, ದಾರಕ್ಕೆ ಕ್ಲಿಪ್ಪು ಸಿಕ್ಕಿಸುತ್ತ.

ಆಮೇಲೆ ಒಂದು ದಿನ ಆಗಬಾರದ್ದು ಆಯಿತು. ಕಾಶಿ ಒಂದು ಮೀನಿನ ಬೆನ್ನೆಲುಬನ್ನು ಕಚ್ಚಿಕೊಂಡು ಹೋಗಿ ಗುರುಬಾಯಿಯ ಪೂಜೆಯ ಮಣೆಯ ಹತ್ತಿರ ಕೂತು ತಿಂದಿತು. ಗುರುಬಾಯಿ ಇಡೀ ಮನೆ ತೊಳೆದಳು. ಬೆಕ್ಕನ್ನೂ ತೊಳೆದಳು, ಕೈಯೆಲ್ಲ ಪರಚಿಸಿಕೊಂಡಳು. ಸೇವಂತಿಯ ಬಾಗಿಲಿಗೆ ಬಂದು ನಿಂತಾಗ ಸೀರೆಯ ಸೆರಗಿನಿಂದ ನೀರು ಇಳಿಯುತ್ತಿತ್ತು.

“ಯಾರೋ ಇದಕ್ಕ ಮೀನ ಹಾಕ್ಲಾಕತ್ಯಾರ ತಂಗಿ,” ಎಂದಳು. ಸೇವಂತಿಯನ್ನು ನೇರವಾಗಿ ನೋಡಲಿಲ್ಲ. “ಯಾರಂತ ನಾ ಕೇಳಂಗಿಲ್ಲ. ಅವರಿಗೆ ಗೊತ್ತಿರಂಗಿಲ್ಲ. ನಿನಗ ಕಂಡ್ರ ಬ್ಯಾಡಂತ ಹೇಳು.”

“ಕೆಳಗೆ ಮಾರ್ಕೆಟಿಂದ ಎತ್ತಿಕೊಂಡು ಬಂದಿರ್ಬೇಕು ಅಕ್ಕ,” ಎಂದಳು ಸೇವಂತಿ. ಏಳನೇ ಮಾಳಿಗೆಯಿಂದ ಇಳಿದು ಮಾರ್ಕೆಟಿಗೆ ಹೋಗಿ ಬರುವ ಬೆಕ್ಕು! ಸುಳ್ಳು ಹೇಳಿದವಳಿಗೂ ನಾಚಿಕೆಯಾಯಿತು, ಕೇಳಿದವಳಿಗೂ. ಗುರುಬಾಯಿ “ಹೌದೇನೊ” ಎಂದು ತಿರುಗಿ ಹೋದಳು.

ಅಂದಿನಿಂದ ಕಾಶಿಗೆ ರಾತ್ರಿ ಮನೆಯೊಳಗೆ ಜಾಗವಿಲ್ಲ. ಮಂಚದ ಕಾಲಬದಿ ಮಲಗುತ್ತಿದ್ದ ಬೆಕ್ಕು ಈಗ ಕಾರಿಡಾರಿನಲ್ಲಿ, ಹಳೆಯ ಗೋಣಿಯ ಮೇಲೆ. ಗುರುಬಾಯಿ ಬಾಗಿಲು ಹಾಕುವ ಮೊದಲು ಅದರ ಜೊತೆ ಒಂದಷ್ಟು ಹೊತ್ತು ಮಾತಾಡುವುದು ಸೇವಂತಿಗೆ ಕೇಳಿಸುತ್ತಿತ್ತು. “ನೀ ಹಂಗ ಮಾಡಬಾರದಿತ್ತು ಕಾಶಿ” ಎನ್ನುವಳು. ಆಮೇಲೆ ಬಾಗಿಲಿನ ಬೀಗ ಬೀಳುವ ಸದ್ದು.

ಇನ್ನಾದರೂ ಸೇವಂತಿ ಬಿಡಬಹುದಿತ್ತು. ಬಿಡಲಿಲ್ಲ. ಬೆಕ್ಕನ್ನು ಹೊರಗೆ ಹಾಕಿದರಲ್ಲ ಎಂಬ ಸಿಟ್ಟು ಅವಳಿಗೆ ಗುರುಬಾಯಿಯ ಮೇಲೆಯೇ ಬಂತು. ಸಾಕುವುದಾದರೆ ಸರಿಯಾಗಿ ಸಾಕಬೇಕು, ಇಲ್ಲವಾದರೆ ಬಿಡಬೇಕು. ಹೊರಗೆ ಹಾಕಿದ ಮೇಲೆ ಅದು ಕಾರಿಡಾರಿನ ಬೆಕ್ಕು, ಕಾರಿಡಾರಿನ ಬೆಕ್ಕಿಗೆ ತಾನು ಏನು ಬೇಕಾದರೂ ಹಾಕಬಹುದು. ಹೀಗೆ ವಾದ ಮಾಡಿಕೊಂಡು ಗೆದ್ದಳು. ಎದುರುವಾದಿ ಇಲ್ಲದ ವಾದದಲ್ಲಿ ಯಾರು ತಾನೆ ಸೋಲುತ್ತಾರೆ?

ಶ್ರಾವಣ ಬಂತು. ಸಮುದ್ರಕ್ಕೆ ದೋಣಿಗಳು ಮತ್ತೆ ಇಳಿದವು, ಮಾರ್ಕೆಟಿನಲ್ಲಿ ಹೊಸ ಮೀನು. ಅದೇ ಶ್ರಾವಣದಲ್ಲಿ ಗುರುಬಾಯಿಗೆ ಸೋಮವಾರದ ಉಪವಾಸ. ಅಂದು ಅವಳು ಯಾರ ಜೊತೆಯೂ ಹೆಚ್ಚು ಮಾತಾಡುವುದಿಲ್ಲ, ಪೂಜೆಯೂ ಉದ್ದ, ಬಾಗಿಲು ತೆರೆಯುವುದೂ ತಡ.

ಒಂದು ಭಾನುವಾರ ದೂಜನಿಗೆ ರಜೆ. ಸೇವಂತಿ ದೊಡ್ಡ ಅಂಜಲ್ ಮೀನು ತಂದು ಸಾರು ಮಾಡಿದಳು. ಅದರ ತಲೆಯನ್ನೂ ಬಾಲವನ್ನೂ ಹೊಟ್ಟೆಯ ಭಾಗವನ್ನೂ ಸಂಜೆ ಕಾಶಿಯ ಮುಂದೆ ಇಟ್ಟಳು. ಕಾಶಿ ತಿಂದು ತಿಂದು ಕೊನೆಗೆ ಅಲ್ಲೇ ಅಡ್ಡಬಿತ್ತು, ಹೊಟ್ಟೆ ಟಪಾಲಿನ ಚೀಲದ ಹಾಗೆ ಉಬ್ಬಿತ್ತು. ಸೇವಂತಿ ಅದರ ಹೊಟ್ಟೆ ಸವರಿ, “ಇನ್ನು ನಾಳೆ ಮಧ್ಯಾಹ್ನದವರೆಗೆ ಚಿಂತೆ ಇಲ್ಲ ನಿನಗೆ” ಎಂದಳು.

ಸೋಮವಾರ ಬೆಳಿಗ್ಗೆ ಮಳೆ ಹೊಡೆಯುತ್ತಿತ್ತು. ದೂಜ ಹೋದ ಮೇಲೆ ಸೇವಂತಿ ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳಲು ಬಾಗಿಲು ತೆರೆದಳು. ಎದುರಿನ ಬಾಗಿಲು ಹಾಕಿತ್ತು, ಹಾಲು ಅಲ್ಲೇ ಕೂತಿತ್ತು, ರಂಗೋಲಿ ಇರಲಿಲ್ಲ. ಕಾಶಿ ಗೋಣಿಯ ಮೇಲೆ ಸುರುಳಿ ಸುತ್ತಿ ಮಲಗಿತ್ತು. ಸೋಮವಾರ ಅಲ್ಲವಾ, ಪೂಜೆ ಮುಗಿದಿರಲಿಕ್ಕಿಲ್ಲ ಎಂದುಕೊಂಡಳು. ಬಟ್ಟೆ ಒಗೆದಳು. ಮತ್ತೊಮ್ಮೆ ಬಾಗಿಲು ತೆರೆದಾಗಲೂ ಹಾಲು ಅಲ್ಲೇ ಇತ್ತು. ಒಂದು ಗಳಿಗೆ ನಿಂತಳು. ಬಾಗಿಲು ತಟ್ಟಬಹುದಿತ್ತು, ಆದರೆ ಎಲುಬಿನ ವಿಷಯವಾದ ಮೇಲೆ ಆ ಬಾಗಿಲು ತಟ್ಟಲು ಅವಳಿಗೆ ಮುಖ ಇರಲಿಲ್ಲ. ಅದೂ ಉಪವಾಸದ ದಿನ, ಕೈಗೆ ಮೀನಿನ ವಾಸನೆ. ಏನಾದರೂ ಆಗಿದ್ದರೆ ಬೆಕ್ಕು ಕೂಗುತ್ತಿತ್ತಲ್ಲ? ಬೆಕ್ಕು ಹಾಯಾಗಿ ಮಲಗಿದೆ. ಸೇವಂತಿ ಒಳಗೆ ಹೋದಳು.

ಊಟ ಮಾಡಿ ಕಣ್ಣು ಮುಚ್ಚಿದ್ದಳು, ಆಗ ಕಾಶಿ ಕೂಗಿತು.

ಎಷ್ಟೋ ವಾರಗಳಿಂದ ಕೇಳದ ಕೂಗು. ಒಂದು ಸಲ, ಎರಡು ಸಲ, ಆಮೇಲೆ ನಿಲ್ಲದೆ. ಕಾರಿಡಾರಿನ ಕೊನೆಗೆ ಹೋಗಿ ವಾಪಸು ಬಂತು. ಸೇವಂತಿ ಎದ್ದು ಕೂತಳು. ಬೆಳಿಗ್ಗೆ ಸುಮ್ಮನಿದ್ದದ್ದು ಹೊಟ್ಟೆ ತುಂಬಿದ್ದಕ್ಕೆ, ಅಂಜಲ್ ತಲೆ ಈಗ ಅರಗಿತು, ಅದಕ್ಕೆ ಕೂಗುತ್ತಿದೆ ಎಂಬುದು ತಲೆಗೆ ಬಂದದ್ದೇ ತಡ, ಅವಳು ಅಡುಗೆಮನೆಗೆ ಓಡಿದಳು. ಮೊಳೆಯ ಮೇಲಿನ ಬೀಗದ ಕೈ ತೆಗೆಯುವಾಗ ಸಟ್ಟುಗ ಕೆಳಗೆ ಬಿತ್ತು.

ಗುರುಬಾಯಿ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು. ಸ್ನಾನ ಆಗಿತ್ತು, ಸೀರೆ ಅರ್ಧ ಸುತ್ತಿತ್ತು. ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು. ಕಣ್ಣು ತೆರೆದೇ ಇತ್ತು, ಸೇವಂತಿಯನ್ನು ನೋಡಿತು. ಬೆಳಗಿನಿಂದ ಅವಳು ಹೊರಬಾಗಿಲನ್ನೇ ನೋಡುತ್ತ ಬಿದ್ದಿದ್ದಳು.

ಪಕ್ಕದ ಮನೆಯ ಕಾಲೇಜು ಹುಡುಗಿ ಹರಿಣಿ ಫೋನು ಮಾಡಿ ಗಾಡಿ ತರಿಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ಬಿದ್ದದ್ದು ಅಂತ. ಬೆಳಿಗ್ಗೆ ಎಂದಳು ಸೇವಂತಿ. ಅವನು ಗೋಡೆಯ ಗಡಿಯಾರ ನೋಡಿದ, ಅವಳನ್ನು ನೋಡಿದ. ಬೆಳಿಗ್ಗೆಯೇ ತಂದಿದ್ದರೆ ಕೊಡಲು ಇಂಜೆಕ್ಷನ್ ಇತ್ತು, ಈಗ ಕೊಟ್ಟು ಪ್ರಯೋಜನವಿಲ್ಲ ಎಂದ. ಮನೆಯಲ್ಲಿ ಯಾರೂ ಇರಲಿಲ್ಲವೆ ಎಂದೂ ಕೇಳಿದ. ಸೇವಂತಿ ಕೈಯಲ್ಲಿದ್ದ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಶರಣು ಸಿಮೆಂಟಿನ ಬಟ್ಟೆಯಲ್ಲೇ ಓಡಿಬಂದ. ಸೇವಂತಿಯ ಕಾಲು ಮುಟ್ಟಿದ. “ನೀವು ಇದ್ರಿ ಅಂತ ನಮ್ಮವ್ವ ಉಳದಾಳ ಅಕ್ಕಾರ” ಎಂದ. ಸೇವಂತಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು, ಎಳೆದುಕೊಳ್ಳಲು ಧೈರ್ಯವಾಗಲಿಲ್ಲ. ಆ ರಾತ್ರಿ ದೂಜನಿಗೆ ಎಲ್ಲ ಹೇಳಿದಳು. ಅವನು ಬೈಯುತ್ತಾನೆ ಎಂದು ಕಾದಳು. ಅವನು ಬೈಯಲಿಲ್ಲ, ಊಟವನ್ನೂ ಮಾಡಲಿಲ್ಲ.

ಗುರುಬಾಯಿಯ ಬಲಭಾಗ ಹೋಯಿತು, ಮಾತು ಹೋಯಿತು. ಮಗ ಪ್ರತಿದಿನ ಎಡಗೈಯಲ್ಲಿ ಲಿಂಗ ಇಡುತ್ತಿದ್ದ. ಪತ್ರೆ ಏರಿಸಲು ಬಲಗೈ ಬೇಕು, ಅದು ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿರುತ್ತಿತ್ತು. ಅವಳು ಲಿಂಗವನ್ನು ಸುಮ್ಮನೆ ನೋಡುತ್ತ ಮಲಗುವಳು. ನೋಡಿಕೊಳ್ಳುವವರಿಲ್ಲದೆ ಶರಣು ಕೊನೆಗೆ ಅವಳನ್ನು ಇಂಡಿಗೆ, ತನ್ನ ಅಕ್ಕ ಶಿವಕುಮಾರಿಯ ಮನೆಗೆ ಕರೆದುಕೊಂಡು ಹೋಗುವುದೆಂದಾಯಿತು.

ಹೊರಡುವ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಲಿಫ್ಟಿನ ಹತ್ತಿರ ತಂದಿದ್ದರು. “ಕಾಶಿನ ನೀವಾ ನೋಡ್ಕೋರಿ ಅಕ್ಕಾರ. ನಿಮಗೂ ಅದರ ಮ್ಯಾಲ ಭಾಳ ಜೀವ ಅಂತ ಅವ್ವ ಹೇಳ್ತಿದ್ಲು,” ಎಂದ ಶರಣು. ಸೇವಂತಿ ಕಾಶಿಯನ್ನು ಎತ್ತಿ ಗುರುಬಾಯಿಯ ಮಡಿಲಲ್ಲಿ ಇಟ್ಟಳು. ಗುರುಬಾಯಿಯ ಎಡಗೈ ಮೆಲ್ಲಗೆ ಎದ್ದು ಬೆಕ್ಕಿನ ತಲೆ, ಬೆನ್ನು, ತುಂಬಿದ ಹೊಟ್ಟೆ ಸವರಿತು. ಆಮೇಲೆ ಆ ಕೈಯನ್ನು ಮೂಗಿನ ಹತ್ತಿರ ತಂದಳು.

ಮೂಸಿ ನೋಡಿದಳು. ಕಣ್ಣೆತ್ತಿ ಸೇವಂತಿಯನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಎಲುಬು ಸಿಕ್ಕಿದ ದಿನವೇ ಗೊತ್ತಿತ್ತು, ಬಚ್ಚಲ ಬಾಗಿಲಲ್ಲಿ ಬಿದ್ದು ಕೂಗಿಗಾಗಿ ಕಿವಿಗೊಟ್ಟಾಗ ಇನ್ನೂ ಚೆನ್ನಾಗಿ ಗೊತ್ತಾಗಿತ್ತು. ಸೇವಂತಿ ಬೈಗುಳಕ್ಕೆ ಕಾದವಳ ಹಾಗೆ ತಲೆ ತಗ್ಗಿಸಿ ನಿಂತಳು. ಗುರುಬಾಯಿ ಕೈಯನ್ನು ಮೂಗಿನಿಂದ ತೆಗೆದು ಮತ್ತೆ ಬೆಕ್ಕಿನ ತಲೆಯ ಮೇಲೆಯೇ ಇಟ್ಟಳು. ಲಿಫ್ಟು ಬರುವವರೆಗೆ ಸವರುತ್ತಲೇ ಇದ್ದಳು. ಒಂದು ಬೈಗುಳ ಸಿಕ್ಕಿದ್ದರೆ ಸೇವಂತಿ ಹೇಗೋ ಬದುಕಿಕೊಳ್ಳುತ್ತಿದ್ದಳು.

ಈಗ ಕಾಶಿ ಸೇವಂತಿಯದು. ರೊಟ್ಟಿ ಹಾಲಿನಲ್ಲಿ ಕಿವುಚಿ ಇಟ್ಟು ನೋಡಿದಳು, ಅದು ಮುಟ್ಟಲಿಲ್ಲ. ಮೀನೇ ಹಾಕುತ್ತಾಳೆ, ಆದರೆ ಸಂಜೆ ಅಲ್ಲ. ರಾತ್ರಿಯೆಲ್ಲ ಬೆಕ್ಕು ಖಾಲಿ ಹೊಟ್ಟೆಯಲ್ಲಿರುತ್ತದೆ. ಬೆಳಗಾದರೆ ಕಾರಿಡಾರಿಗೆ ಹೋಗಿ ಬೀಗ ಹಾಕಿದ ಆ ಬಾಗಿಲಿನ ಮುಂದೆ ಕೂತು ಕೂಗಲು ಶುರುಮಾಡುತ್ತದೆ. ಸೇವಂತಿ ಬಟ್ಟಲು ಹಿಡಿದುಕೊಂಡು ತನ್ನ ಬಾಗಿಲ ಹಿಂದೆ ನಿಂತಿರುತ್ತಾಳೆ. ಒಂದೇ ಸಲ ಕೂಗಿದರೆ ಹಾಕುವುದಿಲ್ಲ.

ಮೊನ್ನೆ ಬಾಗಿಲು ತೆರೆದಾಗ ಹರಿಣಿ ಕಾಲೇಜಿನ ಚೀಲ ಹೆಗಲಿಗೇರಿಸಿ, ಬೆಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಅಂಗಡಿಯ ಕ್ಯಾಟ್‌ಫುಡ್ ಪ್ಯಾಕೆಟ್ಟು, ಆಗಲೇ ಹರಿದಿತ್ತು.

“ಹಾಕಬೇಡ!” ಎಂದು ಸೇವಂತಿ ಕಿರುಚಿದಳು. ಹುಡುಗಿಯ ಕೈಯಿಂದ ಪ್ಯಾಕೆಟ್ಟು ಬಿದ್ದು ಕಾಳೆಲ್ಲ ಚೆಲ್ಲಿತು. ಸೇವಂತಿ ಬಗ್ಗಿ ಅದನ್ನೆಲ್ಲ ಎರಡೂ ಕೈಯಿಂದ ಬಾಚಿ ಬಾಚಿ ಉಡಿಗೆ ತುಂಬಿಕೊಂಡಳು, ಬೆಕ್ಕಿಗೆ ಒಂದೂ ಸಿಗದ ಹಾಗೆ.

“ಆಂಟಿ, ಕ್ಯಾ ಹುವಾ?” ಹರಿಣಿ ಎದ್ದು ನಿಂತಳು. “ಇದು ರೋಜ್ ಎಷ್ಟು ಅಳ್ತದೆ. ಭೂಖಾ ಹೈ ಬೇಚಾರಾ. ನೀವು ಇದಕ್ಕೆ ಊಟ ಠೀಕ್ ಸೇ ಕೊಡಲ್ವಾ?”

“ಕೂಗಲಿ ಮಗಾ,” ಎಂದಳು ಸೇವಂತಿ ನೆಲ ನೋಡುತ್ತ. “ಅದು ಕೂಗಬೇಕು.”

ಹುಡುಗಿ ಅವಳನ್ನು ಒಂಥರಾ ನೋಡಿ ಲಿಫ್ಟಿನ ಕಡೆ ನಡೆದಳು. ಅವಳ ಮುಖದಲ್ಲಿದ್ದ ತೀರ್ಮಾನವನ್ನು ಸೇವಂತಿ ಚೆನ್ನಾಗಿ ಬಲ್ಲಳು. ನಾಳೆಯೋ ನಾಡಿದ್ದೋ, ಯಾರೂ ನೋಡದಾಗ ಹರಿಣಿ ಇನ್ನೊಂದು ಪ್ಯಾಕೆಟ್ಟು ತರುತ್ತಾಳೆ. ಕಾಶಿ ಬೀಗದ ಕಡೆಗೆ ಮುಖ ಮಾಡಿ ಮತ್ತೆ ಕೂಗಿತು. ಸೇವಂತಿ ಉಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಅದು ಮುಗಿಯುವವರೆಗೆ ಅಲ್ಲೇ ನೆಲದ ಮೇಲೆ ಕೂತಳು.